ಊಟಕ್ಕೆ ಅರ್ಧ ಗಂಟೆ ಮುಂಚೆ

ನಮ್ಮ ಯಜಮಾನರು ಬಿದ್ದದ್ದು ಮಧ್ಯಾಹ್ನ ಒಂದೂ ಮುಕ್ಕಾಲಿಗೆ. ಬಿದ್ದದ್ದಾದರೂ ಎಲ್ಲಿ ಅಂತೀರಿ? ಬೇಳೆ ಕೊತಕೊತ ಕುದಿಯುತ್ತಿದ್ದ ಕೊಳಗದಿಂದ ಎರಡೇ ಅಡಿ ಆಚೆ. ಎರಡು ಅಡಿ ಈಚೆ ಬಿದ್ದಿದ್ದರೆ ಈ ಕಥೆಯನ್ನು ನಾನು ಇಷ್ಟು ಹಗುರವಾಗಿ ಹೇಳುತ್ತಿರಲಿಲ್ಲ.

ಅವರು ಬಾಟಲಿ ಕಾರ್ಖಾನೆಯ ಕ್ಯಾಂಟೀನಿನಲ್ಲಿ ಮುಖ್ಯ ಅಡುಗೆಯವರು. ಕುಲುಮೆಯ ಮುಂದೆ ಬೆವರು ಸುರಿಸಿ ಬರುವ ಆರುನೂರು ಜನ ಅವರನ್ನು ಸೌಟಣ್ಣ ಎಂದೇ ಕರೆಯುವುದು. ನಾನು ಅದೇ ಕ್ಯಾಂಟೀನಿನ ಬಾಗಿಲಲ್ಲಿ, ಗಾಜಿನ ಕಿಂಡಿಯ ಹಿಂದೆ ಕೂತು ಊಟದ ಟೋಕನ್ ಹರಿದು ಕೊಡುವವಳು. ಇಪ್ಪತ್ತಾರು ವರ್ಷದಿಂದ ಅವರು ಒಲೆಯ ಮುಂದೆ, ನಾನು ಕಿಂಡಿಯ ಹಿಂದೆ, ನಡುವೆ ಆರುನೂರು ಜನರ ಸಾಲು. ನಮ್ಮ ಸಂಸಾರ ಇಷ್ಟು ಚೆನ್ನಾಗಿ ನಡೆದದ್ದಕ್ಕೆ ಆ ಸಾಲೇ ಕಾರಣ ಎಂದು ಅವರು ಎಲ್ಲರೆದುರೂ ಹೇಳುತ್ತಾರೆ. ಹೇಳಿಕೊಳ್ಳಲಿ.

ಪಾತ್ರೆ ತೊಳೆಯುವ ಅಕ್ಕ ಕಿರುಚಿದ್ದು ಕೇಳಿ ನಾನು ಟೋಕನ್ ಪುಸ್ತಕವನ್ನು ಹಾಗೇ ಬಿಟ್ಟು ಓಡಿದೆ. ನೆಲದ ಮೇಲೆ ಬಿದ್ದಿದ್ದಾರೆ, ಮೈಯೆಲ್ಲ ಬೆವರಿನಿಂದ ತೊಪ್ಪೆ, ಕೈ ಗಡಗಡ ನಡುಗುತ್ತಿದೆ. ಕಣ್ಣು ಬಿಟ್ಟವರು ನನ್ನನ್ನು ನೋಡಿ ಆಡಿದ ಮೊದಲ ಮಾತು, "ಬೇಳೆ ತಳ ಹಿಡೀತು ನೋಡೇ." ಗಂಡ ಬದುಕಿದ್ದಾನೆ ಎಂದು ನನಗೆ ಖಾತ್ರಿಯಾದದ್ದು ಆಗ. ಕಾರ್ಖಾನೆಯ ನರ್ಸಮ್ಮ ಓಡಿ ಬಂದು ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಐವತ್ತೆರಡಕ್ಕೆ ಇಳಿದಿತ್ತು. ನೀರಿಗೆ ಸಕ್ಕರೆ ಕದಡಿ ಕುಡಿಸಿದೆವು. ಕಾಲು ಗಂಟೆಯಲ್ಲಿ ಎದ್ದು ಕೂತು, ಏನೂ ಆಗಿಲ್ಲವೆಂಬಂತೆ ಸೌಟು ಎಲ್ಲಿ ಎಂದು ಹುಡುಕತೊಡಗಿದರು.

ಮರುದಿನ ಕ್ಯಾಂಟೀನ್ ಮ್ಯಾನೇಜರು ನಮ್ಮಿಬ್ಬರನ್ನೂ ಕೂರಿಸಿಕೊಂಡರು. ಒಳ್ಳೆಯ ಮನುಷ್ಯ, ಕಠಿಣವಾದ ಮಾತನ್ನು ಚಹಾ ತರಿಸಿ ಹೇಳುವವರು.

"ಸೌಟಣ್ಣ, ನಿಮ್ಮನ್ನ ಒಲೆ ಹತ್ರ ಬಿಡೋಕೆ ನನಗೆ ಧೈರ್ಯ ಸಾಲ್ತಿಲ್ಲ. ಮೂರು ವಾರ ಟೈಮ್ ಕೊಡ್ತೀನಿ. ಅಲ್ಲೀವರೆಗೂ ಒಲೆ ಹಚ್ಚೋದು, ಕೊಳಗ ಇಳಿಸೋದು ಎಲ್ಲ ಬೇರೆಯವರು ಮಾಡ್ಲಿ. ನೀವು ದೂರ ನಿಂತು ಹೇಳಿ, ರುಚಿ ನೋಡಿ, ಅಷ್ಟೇ. ಮೂರು ವಾರ ಆದ್ಮೇಲೆ ಡಾಕ್ಟರು 'ಇವರು ಒಲೆ ಮುಂದೆ ನಿಲ್ಲಬಹುದು' ಅಂತ ಸಹಿ ಹಾಕ್ಕೊಟ್ರೆ ಅಡುಗೆಮನೆ ನಿಮ್ದೇ."

"ಹಾಕಿಲ್ಲಾಂದ್ರೆ?"

"ಹಾಕಿಲ್ಲಾಂದ್ರೆ ಏನು, ಟೋಕನ್ ಕಿಂಡಿ ಇದೆಯಲ್ಲ. ನಿಮ್ಮ ಮನೆಯವರ ಪಕ್ಕ ಇನ್ನೊಂದು ಕುರ್ಚಿ ಹಾಕಿಸ್ತೀನಿ."

ನನ್ನ ಪಕ್ಕದ ಕುರ್ಚಿ ಎಂದದ್ದೇ ತಡ, ನಮ್ಮವರ ಮುಖ ಬಾಡಿದ ಸೊಪ್ಪಿನಂತಾಯಿತು. ಜೈಲಿಗೆ ಹಾಕುತ್ತೇವೆ ಎಂದಿದ್ದರೂ ಅಷ್ಟು ಇಳಿದು ಹೋಗುತ್ತಿರಲಿಲ್ಲವೇನೋ. ನನಗೆ ಮೈಯೆಲ್ಲ ಉರಿಯಿತು. ಆದರೆ ಆ ಕಿಂಡಿಯ ಹಿಂದೆ ಕೂರಿಸಿದರೆ ಈ ಮನುಷ್ಯ ಆರು ತಿಂಗಳಲ್ಲಿ ಮುದುಕನಾಗುತ್ತಾನೆ ಎಂದು ನನಗೂ ಗೊತ್ತಿತ್ತು. ಭಾನುವಾರ ಮನೆಯಲ್ಲಿದ್ದರೇ ಗಂಟೆಗೆ ನಾಲ್ಕು ಸಲ ನನ್ನ ಪಾತ್ರೆಗಳ ಮುಚ್ಚಳ ತೆಗೆದು ನೋಡಿ ನಿಟ್ಟುಸಿರು ಬಿಡುವವರು ಅವರು. ಒಲೆಯನ್ನು ಅವರಿಂದ ಕಿತ್ತುಕೊಳ್ಳುವಂತಿರಲಿಲ್ಲ.

ಅದೇ ದಿನ ಸಂಜೆ ಡಾಕ್ಟರ ಬಳಿ ಹೋದೆವು. ಡಾಕ್ಟರಮ್ಮ ನಮ್ಮ ಮಗಳ ವಯಸ್ಸಿನವರು, ಮಾತು ಮಾತ್ರ ನಮ್ಮತ್ತೆಯಷ್ಟು ಖಾರ. ಹತ್ತು ದಿನದ ಹಿಂದೆ ಇವರ ಸಕ್ಕರೆ ಕಾಯಿಲೆಗೆ ಹೊಸ ಮಾತ್ರೆ ಬರೆದುಕೊಟ್ಟವರೂ ಅವರೇ.

"ಮಾತ್ರೆ ಎಷ್ಟು ಗಂಟೆಗೆ ತಗೊಳ್ತಿದ್ರಿ?" ಎಂದು ಕೇಳಿದರು.

"ನೀವು ಹೇಳಿದ ಹಾಗೆ ಹನ್ನೆರಡಕ್ಕೇ ಡಾಕ್ಟ್ರೇ. ಒಂದು ನಿಮಿಷ ಆಚೆ ಈಚೆ ಇಲ್ಲ."

"ಊಟ?"

"ಹನ್ನೆರಡೂವರೆಗೆ ಶುರುವಾಗ್ತಿತ್ತು. ಅದೂ ಒಂದು ನಿಮಿಷ ಆಚೆ ಈಚೆ ಇಲ್ಲ."

"ಸರಿಯಾಗಿ ತಿಂತಿದ್ರಾ?"

"ಎಲ್ರೂ ಹೊಟ್ಟೆ ತುಂಬ ತಿಂತಿದ್ರು."

ಡಾಕ್ಟರಮ್ಮನ ಪೆನ್ನು ನಿಂತಿತು. "ಎಲ್ರೂ ಅಂದ್ರೆ?"

"ಆರುನೂರು ಜನಾನೂ."

"ನೀವು?"

"ನಾನಾ? ನಂದು ಮೂರೂ ಮುಕ್ಕಾಲಿಗೆ."

ಡಾಕ್ಟರಮ್ಮ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅವರು ಮೊದಲ ಸಲ 'ಮಧ್ಯಾಹ್ನದ ಊಟ ಎಷ್ಟು ಗಂಟೆಗೆ' ಎಂದು ಕೇಳಿದ್ದಾಗ ನಮ್ಮವರು ಕಣ್ಣು ಮಿಟುಕಿಸದೆ ಹನ್ನೆರಡೂವರೆ ಎಂದಿದ್ದರು. ಇಪ್ಪತ್ತಾರು ವರ್ಷದಿಂದ ಆ ಪ್ರಶ್ನೆಯನ್ನು ಅವರಿಗೆ ಕೇಳಿದವರೆಲ್ಲ ಕಾರ್ಖಾನೆಯ ಊಟವನ್ನೇ ಕೇಳಿದ್ದು. ತಾವು ಊಟ ಮಾಡುವವರು ಎಂಬ ಯೋಚನೆಯೇ ಅವರ ತಲೆಗೆ ಬರುವುದಿಲ್ಲ. ಅವರಾದರೂ ಹೋಗಲಿ. ಪಕ್ಕದಲ್ಲಿ ಕೂತಿದ್ದ ನಾನು? ನಾನೂ ಬೆಪ್ಪಳ ಹಾಗೆ 'ಹೌದು ಡಾಕ್ಟ್ರೇ, ಹನ್ನೆರಡೂವರೆ' ಎಂದು ತಲೆಯಾಡಿಸಿದ್ದೆ. ಹನ್ನೆರಡೂವರೆಗೆ ನನ್ನ ಕಿಂಡಿಯ ಮುಂದೆ ಸಾಲು ಸರಿಯುತ್ತದೆ, ಇನ್ನೇನು ಹೇಳಲಿ? ಹಾಗಾಗಿ ಹತ್ತು ದಿನ ನನ್ನ ಗಂಡ ಬೇರೆಯವರ ಊಟಕ್ಕೆ ಮುಂಚೆ ಮಾತ್ರೆ ನುಂಗಿದರು.

"ಈ ಮಾತ್ರೆಗೆ ನೀವು ಅಡುಗೆಯವರು ಅಂತ ಗೊತ್ತಿಲ್ಲ," ಎಂದರು ಡಾಕ್ಟರಮ್ಮ. "ಒಳಗೆ ಹೋಯ್ತು ಅಂದ್ರೆ ಊಟ ಬರಲಿ ಬಿಡಲಿ ಸಕ್ಕರೆ ಇಳಿಸ್ತಾನೇ ಹೋಗತ್ತೆ. ಮಾತ್ರೆ ನುಂಗಿ ಅರ್ಧ ಗಂಟೇಲಿ ನಿಮ್ಮ ಮುಂದೆ, ನಿಮ್ಮ ಮುಂದೆ ಅಂದೆ, ಆರುನೂರು ಜನರ ಮುಂದೆ ಅಲ್ಲ, ತಟ್ಟೆ ಇರ್ಬೇಕು. ಊಟ ಇಲ್ಲ ಅಂದ್ರೆ ಆ ಹೊತ್ತಿನ ಮಾತ್ರೇನೂ ಇಲ್ಲ."

"ಹಾಗಾದ್ರೆ ಮೂರೂ ಕಾಲಿಗೆ ನುಂಗ್ಲಾ?"

"ಬೆಳಿಗ್ಗೆ ಆರೂವರೆಗೆ ತಿಂಡಿ ತಿಂದವರು ಮೂರೂ ಮುಕ್ಕಾಲಿನ ತನಕ ಇರೋ ಹಾಗೇ ಇಲ್ಲ. ಹನ್ನೊಂದೂವರೆಗೆ ಮಾತ್ರೆ, ಹನ್ನೆರಡಕ್ಕೆ ಊಟ."

ಆಮೇಲೆ ಒಂದು ಪುಟ್ಟ ನೋಟ್‌ಬುಕ್ ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ, ಊಟಕ್ಕೆ ಮುಂಚೆ, ಊಟ ಶುರುವಾಗಿ ಎರಡು ಗಂಟೆಗೆ ಬೆರಳು ಚುಚ್ಚಿ ನೋಡಿ, ಅಂಕಿಯ ಜೊತೆ ಗಂಟೆಯನ್ನೂ ಬರೆಯಬೇಕು. ನಡುಗಿದರೆ, ಬೆವರಿದರೆ ಆ ಕ್ಷಣ ನೋಡಬೇಕು. ಎಪ್ಪತ್ತರ ಕೆಳಗಿದ್ದರೆ ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿದು, ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿ, ಏರಿದ ಮೇಲೆ ಊಟ ಮಾಡಬೇಕು.

"ಮೂರು ವಾರ ಆದ್ಮೇಲೆ ಈ ಪುಸ್ತಕ ನನ್ನ ನಂಬಿಸಿದ್ರೆ ಸಹಿ ಹಾಕ್ತೀನಿ. ಮೇಲೂ ಹಾರಬಾರದು, ಕೆಳಗೂ ಬೀಳಬಾರದು. ಇನ್ನೊಂದು ಸಲ ಎಪ್ಪತ್ತರ ಕೆಳಗೆ ಹೋದ್ರೆ ಕಷ್ಟ ಇದೆ," ಎಂದರು.

ಹೊರಗೆ ಬಂದ ಕೂಡಲೇ ನಮ್ಮವರು ಮೆಟ್ಟಿಲ ಮೇಲೆ ನಿಂತು ಬಿಟ್ಟರು. "ಹನ್ನೆರಡಕ್ಕೆ ಊಟ ಮಾಡೋಕೆ ಆಗಲ್ಲ ಕಣೇ. ಎರಡು ಗಂಟೆಗೆ ಎರಡನೇ ಕೊಳಗದ ರುಚಿ ನೋಡ್ಬೇಕು."

"ನೋಡಿ. ಬೇಡ ಅಂದೋರು ಯಾರು?"

"ಹೊಟ್ಟೆ ತುಂಬಿಸ್ಕೊಂಡು ಹೇಗೆ ನೋಡೋದು?"

ಇದು ಅವರ ಗುರುಗಳ ಪಾಠ. ಅವರಿಗೆ ಸೌಟು ಹಿಡಿಯಲು ಕಲಿಸಿದ ಆ ದೊಡ್ಡ ಅಡುಗೆಯವರು, ಕೊನೆಯವನ ಊಟ ಮುಗಿಯುವ ತನಕ ಅಡುಗೆಯವನು ಉಪವಾಸ ಇರಬೇಕು, ಹೊಟ್ಟೆಗೆ ಬಿದ್ದ ಮೇಲೆ ನಾಲಿಗೆ ಕೆಲಸಕ್ಕೆ ಬರುವುದಿಲ್ಲ ಎಂದು ಹೇಳಿಕೊಟ್ಟಿದ್ದರಂತೆ. ನಾನು ಅವರನ್ನು ಕಂಡಿದ್ದೇನೆ. ದಿನವಿಡೀ ಉಪವಾಸವಿರುತ್ತಿದ್ದ ಆ ಮಹಾನುಭಾವರು, ಸೊಂಟಕ್ಕೆ ಏಪ್ರನ್ನಿನ ದಾರ ಸಾಲದೆ, ಇನ್ನೊಂದು ದಾರ ಗಂಟು ಹಾಕಿಕೊಳ್ಳುತ್ತಿದ್ದರು. ಆದರೂ ಅದು ನಮ್ಮವರ ಪಾಲಿಗೆ ವ್ರತ. ಎಲ್ಲರದ್ದೂ ಮುಗಿದು, ಪಾತ್ರೆಗಳೆಲ್ಲ ಖಾಲಿಯಾದ ಮೇಲೆ, ನಿಂತ ಕಾಲಿನಲ್ಲೇ ಎರಡು ಬ್ರೆಡ್ಡನ್ನು ಹಾಲಿನಲ್ಲಿ ಅದ್ದಿ ನುಂಗುವುದು. ಖಾಲಿ ಪಾತ್ರೆ ನೋಡುವುದೇ ಅವರಿಗೆ ಊಟ.

"ಕಿಂಡಿ ಹಿಂದೆ ಕುರ್ಚಿ ಕಾಯ್ತಾ ಇದೆ," ಎಂದೆ ನಾನು. ಅವರು ದಡದಡ ಮೆಟ್ಟಿಲಿಳಿದರು.

ಹೀಗೆ ನನ್ನ ಪಹರೆ ಶುರುವಾಯಿತು. ಬೆಳಿಗ್ಗೆ ಎದ್ದು ಅಳತೆ ಮಾಡಿ ಡಬ್ಬಿ ಕಟ್ಟುತ್ತಿದ್ದೆ: ಅರ್ಧ ತರಕಾರಿ, ಕಾಲು ಅನ್ನ, ಕಾಲು ಬೇಳೆ. ಹನ್ನೊಂದೂವರೆಗೆ ಉಗ್ರಾಣದಲ್ಲಿ, ಅಕ್ಕಿ ಮೂಟೆಗಳ ನಡುವೆ, ಬೆರಳು ಚುಚ್ಚುವ ಕಾರ್ಯಕ್ರಮ. ಬಿಸಿ ಕೊಳಗವನ್ನು ಬರಿಗೈಯಲ್ಲಿ ಹಿಡಿಯುವ ಈ ಶೂರ, ಸೊಳ್ಳೆ ಕಚ್ಚಿದಷ್ಟೂ ನೋಯದ ಆ ಸೂಜಿಗೆ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮುಖವನ್ನು ಅತ್ತ ತಿರುಗಿಸಿ ಕೂರುವುದನ್ನು ನೋಡಲು ಪಾತ್ರೆ ಅಕ್ಕ ದಿನಾ ತಪ್ಪದೆ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು.

ಮೊದಲ ದಿನ ಮಷೀನು ಮುನ್ನೂರ ಎಂಬತ್ತು ತೋರಿಸಿತು. ಆಮೇಲೆ ನೋಡಿದರೆ ಬೆರಳ ತುದಿಯಲ್ಲಿ ಸಕ್ಕರೆ ಪಾಕ ಮೆತ್ತಿಕೊಂಡಿದೆ. ಸೋಪು ಹಾಕಿ ತೊಳೆಸಿ, ಒರೆಸಿ ಮತ್ತೆ ಚುಚ್ಚಿದೆ. ಇನ್ನೂರ ಹದಿನಾಲ್ಕು.

"ಏನು ತಿಂದ್ರಿ?"

"ಬೆಳಿಗ್ಗೆ ನೀನು ಕೊಟ್ಟ ತಿಂಡಿ ಬಿಟ್ರೆ ಏನೂ ಇಲ್ಲ. ಆಣೆ ಮಾಡ್ಲಾ?"

"ಮಷೀನು ಸುಳ್ಳು ಹೇಳತ್ತಾ?"

"ಹೇಳ್ಬೋದು. ಹೊಸದಲ್ವಾ, ಇನ್ನೂ ಪಳಗಿಲ್ಲ."

ಎರಡನೇ ದಿನ ಇನ್ನೂರ ಇಪ್ಪತ್ತು. ಮೂರನೇ ದಿನ ಇನ್ನೂರ ಎಂಟು. ಮಷೀನಿನ ಮೇಲೆ ನಂಬಿಕೆ ಇಲ್ಲವೆಂದು ನರ್ಸಮ್ಮನ ಹತ್ತಿರ ಹೋಗಿ ಅವರ ಮಷೀನಿನಲ್ಲಿ ಚುಚ್ಚಿಸಿಕೊಂಡು ಬಂದರು. ಅದೂ ಇನ್ನೂರು ದಾಟಿತ್ತು. ಎರಡೂ ಮಷೀನುಗಳು ಮಾತಾಡಿಕೊಂಡಿವೆ ಎಂದರು. ಡಬ್ಬಿಯನ್ನಂತೂ ಅರ್ಧ ತಿಂದು, ಉಳಿದರ್ಧವನ್ನು ಪಾತ್ರೆ ಅಕ್ಕನಿಗೆ ದಾಟಿಸಿ, ಹೊಟ್ಟೆ ಭಾರವಾಯಿತು, ನಾಲಿಗೆ ಕೆಟ್ಟಿತು ಎಂದು ಸಂಜೆ ತನಕ ಗೊಣಗುವುದು. ಡಾಕ್ಟರಮ್ಮನಿಗೆ ಫೋನ್ ಮಾಡಿದೆ. "ಹೀಗೇ ಇದ್ರೆ ಸಹಿ ಹಾಕೋಕಾಗಲ್ಲಮ್ಮ. ಏನೋ ತಿಂತಿದ್ದಾರೆ, ಕಣ್ಣಿಡಿ," ಎಂದರು.

ಒಂದು ವಾರ ಕಳೆದುಹೋಗಿತ್ತು. ಕದ್ದು ತಿನ್ನುತ್ತಿದ್ದಾರಾ ಎಂದು ಪಾತ್ರೆ ಅಕ್ಕನನ್ನು ಉಗ್ರಾಣದ ಮೂಲೆಗೆ ಕರೆದು ಕೇಳಿದೆ.

ಅವಳು ಕೆನ್ನೆಗೆ ಕೈಯಿಟ್ಟುಕೊಂಡಳು. "ಅಯ್ಯೋ, ಒಂದು ತುತ್ತೂ ಇಲ್ಲಮ್ಮ. ಅಣ್ಣ ಅಂಥೋರಲ್ಲ. ಬರೀ ರುಚಿ ನೋಡ್ತಾರೆ, ಅಷ್ಟೇ."

ಅಷ್ಟೇ! ನಾನು ಅಲ್ಲೇ ಮೂಟೆಯ ಮೇಲೆ ಕುಸಿದು ಕೂತೆ.

ಮರುದಿನ ಬೆಳಿಗ್ಗೆ ಏಳಕ್ಕೇ ಹೋಗಿ, ತೊಳೆಯುವ ತೊಟ್ಟಿಯ ಬಳಿ ಆಳೆತ್ತರ ಪೇರಿಸಿದ್ದ ತಟ್ಟೆಗಳ ಹಿಂದೆ ಒಂದು ಸ್ಟೂಲು ಹಾಕಿಕೊಂಡು ಕೂತೆ. ಕೈಯಲ್ಲಿ ನೋಟ್‌ಬುಕ್ಕು, ಮುಂದೆ ಒಂದು ದೊಡ್ಡ ಸ್ಟೀಲ್ ಬೋಗುಣಿ. ಅವರು ಒಂದು ಚಮಚ ಬಾಯಿಗೆ ಹಾಕಿದರೆ ಪಾತ್ರೆ ಅಕ್ಕ ಅದೇ ಪಾತ್ರೆಯಿಂದ ಅಷ್ಟನ್ನೇ ತಂದು ಬೋಗುಣಿಗೆ ಸುರಿಯಬೇಕೆಂದು ನಮ್ಮೊಳಗೆ ಒಪ್ಪಂದ. ಚಮಚವೆಂದರೆ ಚಹಾಕ್ಕೆ ಸಕ್ಕರೆ ಹಾಕುವ ಚಮಚ ಎಂದುಕೊಳ್ಳಬೇಡಿ. ಆರುನೂರು ಜನರ ಅಡುಗೆಯವರ ಚಮಚ, ಮಗುವಿನ ಅಂಗೈಯಷ್ಟಿತ್ತು.

ಅನ್ನ ಬೆಂದಿತೇ ಎಂದು ಒಂದು. ಪೂರ್ತಿ ಬೆಂದಿತೇ ಎಂದು ಒಂದು. ಬೇಳೆಗೆ ಉಪ್ಪು ಹಾಕುವ ಮೊದಲು ಒಂದು, ಹಾಕಿದ ಮೇಲೆ ಒಂದು, ಖಾತ್ರಿಗೆ ಇನ್ನೊಂದು. ಆಲೂಗಡ್ಡೆ ಮೂರು ಹೋಳು, ಏಕೆಂದರೆ ಕೊಳಗದ ಮೇಲೆ, ನಡುವೆ, ತಳದಲ್ಲಿ ಬೇರೆ ಬೇರೆ ಬೇಯುತ್ತದಂತೆ. ಆ ದಿನ ಹಾಲು ಸಕ್ಕರೆ ಹಾಕಿ ಮಾಡಿದ ಸಿಹಿಯೂ ಇತ್ತು. ಅದನ್ನು ಏಳು ಸಲ ನೋಡಿದರು. ಏಳನೆಯ ಸಲ ನೋಡುವಾಗ ಕಣ್ಣು ಮುಚ್ಚಿದ್ದರು. ಅದು ಪರೀಕ್ಷೆ ಮಾಡುವವರ ಮುಖವಲ್ಲ ಎಂದು ನಾನು ಷರಾ ಬರೆದುಕೊಂಡೆ. ನಗು ತಡೆಯಲಾರದೆ ಪಾತ್ರೆ ಅಕ್ಕ ಸೆರಗನ್ನು ಬಾಯಿಗೆ ತುರುಕಿಕೊಂಡಳು.

ಹನ್ನೊಂದೂವರೆಯ ಹೊತ್ತಿಗೆ ನಲವತ್ತೊಂದು ಚಮಚ. ಬೋಗುಣಿ ತುಂಬಿ ಅಂಚಿಗೆ ಬಂದಿತ್ತು. ಅದನ್ನು ಉಗ್ರಾಣಕ್ಕೆ ಒಯ್ದು ಅವರ ಮುಂದಿಟ್ಟೆ.

"ಇದೇನೇ ಇದು?"

"ಒಬ್ಬರ ಊಟ. ನೋಡಿ ಹೇಗಿದೆ."

ಅವರು ಮೂಗು ಮುರಿದರು. "ಇದು ಒಬ್ಬರದ್ದಾ? ಅನ್ನದ ಮೇಲೆ ಸಿಹಿ, ಸಿಹಿ ಮೇಲೆ ಬೇಳೆ, ಅದರ ಮೇಲೆ ಮತ್ತೆ ಅನ್ನ. ತಿನ್ನೋಕೂ ಒಂದು ನೀತಿ ನಿಯಮ ಬೇಡ್ವಾ? ಯಾವನೋ ಹೊಟ್ಟೆಬಾಕ ಇರ್ಬೇಕು. ಯಾರದು?"

"ನಿಮ್ಮದು."

ನಾನು ನೋಟ್‌ಬುಕ್ ತೆರೆದು ಓದಿದೆ. ಏಳೂ ಹತ್ತು, ಅನ್ನ. ಏಳೂ ಕಾಲು, ಅನ್ನ. ಎಂಟು ಗಂಟೆ, ಬೇಳೆ. ಓದುತ್ತ ಹೋದ ಹಾಗೆ ಅವರ ಮುಖದಲ್ಲಿದ್ದ ನಗು ಕರಗುತ್ತ ಬಂತು. ಬಾಗಿಲಲ್ಲಿ ನಿಂತಿದ್ದ ಪಾತ್ರೆ ಅಕ್ಕ ಮೆಲ್ಲನೆ ಜಾಗ ಖಾಲಿ ಮಾಡಿದಳು. ನಲವತ್ತೊಂದೂ ಮುಗಿದಾಗ ಅವರು ಅಕ್ಕಿ ಮೂಟೆಯ ಮೇಲೆ ಕೂತು ಬೋಗುಣಿಯನ್ನೇ ನೋಡುತ್ತಿದ್ದರು.

"ಹಾಗಾದ್ರೆ ನಾನು ಒಂದು ದಿನಾನೂ ಹಸಿದು ಅಡುಗೆ ಮಾಡಿಲ್ಲ," ಎಂದರು.

"ಒಂದು ದಿನಾನೂ ಇಲ್ಲ ರೀ."

"ಗುರುಗಳು?"

ಆ ಸೊಂಟ ನೆನಪಾಯಿತು. "ಅವರೂ ಇಲ್ಲ ಅನ್ಸತ್ತೆ."

ಗೆದ್ದೆನೆಂಬ ಖುಷಿ ಆಗಬೇಕಿತ್ತು, ಆಗಲಿಲ್ಲ. ಅವರನ್ನು ಅಷ್ಟು ಪೆಚ್ಚಾಗಿ ನಾನು ಹಿಂದೆಂದೂ ಕಂಡಿರಲಿಲ್ಲ. ಪಾಪ ಎನಿಸಿ ಪಕ್ಕದಲ್ಲಿ ಕೂತೆ. ಅವರು ಇದ್ದಕ್ಕಿದ್ದಂತೆ ತಲೆಯೆತ್ತಿದರು.

"ಅಲ್ಲ ಕಣೇ, ಇಷ್ಟು ವರ್ಷ ತುಂಬಿದ ಹೊಟ್ಟೇಲಿ ರುಚಿ ನೋಡಿನೂ ಇಷ್ಟು ಚೆನ್ನಾಗಿ ಮಾಡಿದ್ದೀನಿ ಅಂದ್ರೆ, ನಾನು ಎಂಥ ಅಡುಗೆಯವನು ನೋಡು!"

ಪಾಪವೂ ಇಲ್ಲ ಗೀಪವೂ ಇಲ್ಲ ಎಂದು ನಾನು ಎದ್ದು ಬಂದೆ.

ಅಂದಿನಿಂದ ಆ ದೊಡ್ಡ ಚಮಚಕ್ಕೆ ನಿವೃತ್ತಿಯಾಯಿತು. ಚಹಾ ಚಮಚದ ತುದಿಯಲ್ಲಿ ಒಂದು ಹನಿ, ನಾಲಿಗೆಗೆ ಮುಟ್ಟಿಸಿ ಬಾಯಿ ಮುಕ್ಕಳಿಸುವುದು. ರುಚಿ ನೋಡುವ ನೆಪದ ತಿಂಡಿ ಕಮ್ಮಿಯಾದರೆ ಈ ಮಾತ್ರೆ ಜಾಸ್ತಿಯಾದೀತು ಎಂದು ನಾನು ಡಾಕ್ಟರಮ್ಮನಿಗೆ ಹೇಳಿದೆ. ಅವರು ಮಾತ್ರೆಯನ್ನು ಅರ್ಧಕ್ಕೆ ಇಳಿಸಿದರು. ಊಟದ ಮುಂಚಿನ ಅಂಕಿ ನೂರ ಅರವತ್ತಕ್ಕೆ ಬಂತು, ನೂರ ಮೂವತ್ತೆಂಟಕ್ಕೆ ಬಂತು, ಒಂದು ದಿನ ನೂರ ಹದಿನೆಂಟು. ಡಬ್ಬಿ ಪೂರ್ತಿ ಖಾಲಿಯಾಗತೊಡಗಿತು. ನಮ್ಮವರು ಅಂಕಿಗಳನ್ನು ಕಾರ್ಖಾನೆಯಲ್ಲಿ ಕಂಡಕಂಡವರಿಗೆ ಹೇಳಿಕೊಂಡು ಓಡಾಡಿದರು, ಕುಲುಮೆಯ ಜನ ಊಟದ ಸಾಲಿನಲ್ಲಿ ನಿಂತು, "ಸೌಟಣ್ಣ, ಇವತ್ತೆಷ್ಟು?" ಎಂದು ಕೂಗಿ ಕೇಳುವುದು ಶುರುವಾಯಿತು. ಇವರು ಸೌಟೆತ್ತಿ ಕೂಗಿ ಹೇಳುವುದು.

ಹತ್ತೊಂಬತ್ತನೇ ದಿನ ಎಲ್ಲ ಅಡಿಮೇಲಾಯಿತು.

ಹನ್ನೊಂದೂವರೆಗೆ ನೂರ ಹತ್ತೊಂಬತ್ತು ಬರೆದು, ಮಾತ್ರೆ ನುಂಗಿಸಿ, ಡಬ್ಬಿ ಅವರ ಕೈಗೆ ಕೊಟ್ಟು ನಾನು ಕಿಂಡಿಗೆ ಹೋದೆ. ಹತ್ತು ನಿಮಿಷಕ್ಕೆ ಅಡುಗೆಮನೆಯ ಗ್ಯಾಸು ನಿಂತುಹೋಯಿತು. ಪೈಪಿನ ಯಾವುದೋ ಕೀಲು ಸೋರಿ, ಎಲ್ಲ ಒಲೆಗಳನ್ನೂ ಆರಿಸಿ, ಕಿಟಕಿ ತೆರೆದು, ರಿಪೇರಿಯವನನ್ನು ಕರೆಸುವ ಹೊತ್ತಿಗೆ ಹೊರಗೆ ಇನ್ನೂರು ಜನ ನಿಂತಿದ್ದರು, ಅನ್ನ ಅರ್ಧ ಬೆಂದಿತ್ತು. ಅಂಥ ಹೊತ್ತಿನಲ್ಲಿ ನಮ್ಮವರಿಗೆ ಡಬ್ಬಿ ನೆನಪಾಗುತ್ತದೆಯೇ? ಸಾಲಿನವರ ಬೈಗುಳ ತಿನ್ನುತ್ತ ಕಿಂಡಿಯಲ್ಲಿ ಸಿಕ್ಕಿಬಿದ್ದಿದ್ದ ನನಗೂ ನೆನಪಾದದ್ದು ಹನ್ನೆರಡು ಐವತ್ತಕ್ಕೆ. ಓಡಿದೆ. ಅವರು ಉಗ್ರಾಣದ ಬಾಗಿಲಲ್ಲಿ ಗೋಡೆ ಹಿಡಿದು ನಿಂತಿದ್ದರು, ಹಣೆಯೆಲ್ಲ ಬೆವರು.

"ನಡುಗ್ತಾ ಇದೆ ಕಣೇ. ನಿನ್ನೇ ಕರೆಯೋಕೆ ಬರ್ತಿದ್ದೆ."

ಕೂರಿಸಿ, ಚುಚ್ಚಿ ನೋಡಿದರೆ ಅರವತ್ತಾರು. ಮೂರು ಚಮಚ ಸಕ್ಕರೆಯ ನೀರನ್ನು ಮಗುವಿನಂತೆ ಗುಟುಕು ಗುಟುಕಾಗಿ ಕುಡಿದರು. ಕಾಲು ಗಂಟೆ ಗಡಿಯಾರ ನೋಡುತ್ತ ಕೂತೆವು. ತೊಂಬತ್ತೊಂದಕ್ಕೆ ಏರಿತು. ಡಬ್ಬಿ ತೆರೆದು ಊಟ ಮಾಡಿದರು. ಬೀಳಲಿಲ್ಲ, ಯಾರೂ ನೋಡಲಿಲ್ಲ. ಎಲ್ಲರೂ ಗ್ಯಾಸಿನ ಗಲಾಟೆಯಲ್ಲಿದ್ದರು.

ಬರೆಯಬೇಕಾದ ಪುಸ್ತಕ ನನ್ನ ತೊಡೆಯ ಮೇಲಿತ್ತು. ಇನ್ನು ಎರಡೇ ದಿನ. ಅರವತ್ತಾರರ ಮೊದಲ ಆರನ್ನು ತಲೆಕೆಳಗು ಮಾಡಿ ಬರೆದರೆ ಸಾಕು, ತೊಂಬತ್ತಾರು, ಒಲೆ ಉಳಿಯುತ್ತದೆ. ಬರೆದೇಬಿಡೋಣ ಎನಿಸಿತು. ಅದೇ ಉಸಿರಿನಲ್ಲಿ ಇನ್ನೊಂದು ಯೋಚನೆಯೂ ಬಂತು, ಅದನ್ನು ಮುಚ್ಚಿಡಲಾರೆ. ಇದ್ದದ್ದನ್ನೇ ಬರೆದುಬಿಟ್ಟರೆ ಈ ಮನುಷ್ಯ ಕುದಿಯುವ ಕೊಳಗಗಳಿಂದ ದೂರ, ನನ್ನ ಪಕ್ಕದ ಕುರ್ಚಿಯಲ್ಲಿ, ಜೀವ ಸಹಿತ ಇರುತ್ತಾರೆ. ಬದುಕಿನಲ್ಲಿ ಒಮ್ಮೆಯಾದರೂ ನನ್ನ ಪಕ್ಕ ಕೂರುತ್ತಾರೆ. ಪೆನ್ಸಿಲು ಹಿಡಿದ ಕೈ ಅಲ್ಲೇ ನಿಂತಿತು.

"ಯಾಕೆ ನಿಂತೆ? ಬರಿ," ಎಂದರು.

"ಏನಂತ ಬರೀಲಿ?"

ಅವರು ಡಬ್ಬಿಯ ಮುಚ್ಚಳ ಹಾಕುತ್ತ ಹೇಳಿದರು, "ಬೇಳೆ ತಳ ಹಿಡಿದ ದಿನ ಮೇಲೊಂದಷ್ಟು ಮಸಾಲೆ ಸುರಿದು ಬಡಿಸಿಬಿಡ್ಬೋದು. ಯಾರಿಗೂ ಗೊತ್ತಾಗಲ್ಲ. ನಾನು ಯಾವತ್ತಾದ್ರೂ ಹಾಗೆ ಮಾಡಿದ್ದೀನಾ?"

"ಇಲ್ಲ."

"ಮತ್ತೆ? ಅರವತ್ತಾರು ಅಂತ ಬರಿ. ಗಂಟೆಯನ್ನೂ ಹಾಕು." ಮಾತು ಗಟ್ಟಿಯಾಗಿಯೇ ಬಂತು, ಕಣ್ಣು ಮಾತ್ರ ಒಲೆಯ ಕಡೆಗಿತ್ತು. ನಾನು ಬರೆದೆ. ಬರೆದು ಮುಗಿಸಿ, ಅಕ್ಕಿ ಮೂಟೆಗಳ ಮಧ್ಯೆ ಕೂತು ಅತ್ತುಬಿಟ್ಟೆ.

ಇಪ್ಪತ್ತೊಂದನೇ ದಿನ ಸಂಜೆ ಡಾಕ್ಟರಮ್ಮ ಪುಟ ತಿರುಗಿಸುತ್ತ ಹೋದರು. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಬೆನ್ನು ನೆಟ್ಟಗೆ ಮಾಡಿಕೊಂಡು ಕ್ಲಾಸಿನ ಹುಡುಗನಂತೆ ಕೂತಿದ್ದರು. ಹತ್ತೊಂಬತ್ತನೇ ದಿನದ ಪುಟಕ್ಕೆ ಬಂದು ಡಾಕ್ಟರಮ್ಮ ನಿಂತರು.

"ಹನ್ನೆರಡು ಐವತ್ತೈದು, ಅರವತ್ತಾರು. ಸಕ್ಕರೆ ನೀರು. ಒಂದೂ ಹತ್ತು, ತೊಂಬತ್ತೊಂದು. ಊಟ. ಮೂರೂ ಹತ್ತು, ನೂರ ನಲವತ್ತೆರಡು. ಏನಾಗಿತ್ತು?"

ಗ್ಯಾಸಿನ ಕಥೆ ಹೇಳಿದೆವು. ಅವರು ಪೆನ್ನಿನ ಮುಚ್ಚಳ ತೆಗೆದರು.

"ಎಲ್ಲ ದಿನಾನೂ ಚೆನ್ನಾಗಿರೋ ಪುಸ್ತಕಗಳು ನನ್ನ ಮೇಜಿಗೆ ದಿನಾ ನಾಲ್ಕು ಬರ್ತವೆ. ನಾನು ಓದೋದೂ ಇಲ್ಲ. ಮನೇಲಿ ಕೂತು ಯಾರು ಬೇಕಾದ್ರೂ ಬರೀಬಹುದು. ಸಕ್ಕರೆ ಇಳೀತು ಅಂತ ನಿಮಗೇ ಗೊತ್ತಾಯ್ತು, ಕೆಲಸ ಬಿಟ್ಟು ಬಂದ್ರಿ, ಕುಡಿದ್ರಿ, ಕಾದ್ರಿ, ಊಟ ಮಾಡಿದ್ರಿ. ನಾನು ಸಹಿ ಹಾಕ್ತಿರೋದು ಈ ಪುಟ ನೋಡಿ." ಸಹಿ ಹಾಕಿ, ಕಾಗದವನ್ನು ಕೊಡದೆ ಕೈಯಲ್ಲೇ ಹಿಡಿದುಕೊಂಡರು. "ಒಂದು ಷರತ್ತು. ಉಗ್ರಾಣದಲ್ಲಿ ಅವಿತು ಡಬ್ಬಿ ತಿನ್ನೋದು ಇನ್ನು ಸಾಕು. ನೀವೇ ಮಾಡಿದ್ದನ್ನ, ತಟ್ಟೆಗೆ ಹಾಕ್ಕೊಂಡು, ಎಲ್ರ ಹಾಗೆ ಮೇಜಿನ ಮುಂದೆ ಕೂತು ತಿನ್ನಿ. ಅಳತೆ ನಿಮ್ಮ ಹೆಂಡತಿಗೆ ಗೊತ್ತಿದೆ. ತಟ್ಟೆ ಸಿಗತ್ತೆ ಅಂತ ಖಾತ್ರಿ ಮಾಡ್ಕೊಂಡೇ ಮಾತ್ರೆ ಬಾಯಿಗೆ ಹಾಕಿ."

ಮರುದಿನ ಹನ್ನೊಂದೂವರೆಗೆ ಮಾತ್ರೆ ನುಂಗಿದರು. ಹನ್ನೆರಡಕ್ಕೆ, ಇನ್ನೂ ಯಾರೂ ಬಾರದ ಆ ಉದ್ದನೆಯ ಊಟದ ಹಾಲಿನಲ್ಲಿ, ಗೋಡೆಯ ಪಕ್ಕದ ಮೇಜಿಗೆ ನಾನು ಎರಡು ತಟ್ಟೆ ತಂದಿಟ್ಟೆ. ನನ್ನ ಕಿಂಡಿ ತೆರೆಯಲು ಕಾಲು ಗಂಟೆ ಇತ್ತು. ಅವರು ಏಪ್ರನ್ ಬಿಚ್ಚಿ ಮಡಚಿಟ್ಟು, ಬೆಂಚಿನ ತುದಿಯಲ್ಲಿ ನೆಂಟರ ಮನೆಗೆ ಬಂದವರ ಹಾಗೆ ಕೂತರು. ಕ್ಯಾಂಟೀನಿನ ಬೆಂಚಿನ ಮೇಲೆ ಅವರು ಕೂತದ್ದು ಅದೇ ಮೊದಲು.

ಒಂದು ತುತ್ತು ತಿಂದರು, ತಲೆದೂಗಿದರು. ಎರಡನೆಯದಕ್ಕೂ ತಲೆದೂಗಿದರು. ಮೂರನೆಯದಕ್ಕೆ ಸುಮ್ಮನಾದರು. ನಾಲ್ಕನೆಯದನ್ನು ನಿಧಾನವಾಗಿ ಅಗಿದು, ನುಂಗಿ, ಕೈ ನಿಲ್ಲಿಸಿದರು. ನಾನು ತಲೆ ಬಗ್ಗಿಸಿ ಉಣ್ಣುತ್ತಿದ್ದೆ.

"ಏನೇ," ಎಂದರು, "ಚಮಚದಲ್ಲಿ ನೋಡಿದಾಗ ಸರಿಯಾಗಿತ್ತು. ತಟ್ಟೇಲಿ ತಿಂತಾ ತಿಂತಾ ಉಪ್ಪು ಜಾಸ್ತಿ ಅನ್ಸತ್ತೆ."

"ಹೌದು."

"ಹೌದಾ? ಇವತ್ತೊಂದಿನಾನಾ?"

"ಇಲ್ಲ."

"ಎಷ್ಟು ದಿನದಿಂದ?"

ನಾನು ನೀರಿನ ಲೋಟವನ್ನು ಅವರ ಕಡೆ ಸರಿಸಿದೆ. "ಇಪ್ಪತ್ತಾರು ವರ್ಷದಿಂದ."

ಅವರ ಬಾಯಿ ತೆರೆದದ್ದು ತೆರೆದೇ ಇತ್ತು. "ಒಬ್ರೂ ಹೇಳಿಲ್ವಲ್ಲೇ! ಹೊರಗಿನವರು ಹೋಗಲಿ, ನೀನಾದ್ರೂ ಹೇಳ್ಬೋದಿತ್ತಲ್ಲ?"

"ಯಾವಾಗ ಹೇಳ್ಲಿ ರೀ? ನೀವು ಇಲ್ಲಿ ಒಂದು ದಿನಾನೂ ನನ್ನ ಜೊತೆ ಊಟಕ್ಕೆ ಕೂತವರಲ್ಲ."

ಅವರು ಸರಕ್ಕನೆ ಎದ್ದರು. ಕೊಳಗಕ್ಕೆ ನೀರು ಹಾಕಬೇಕು, ಆಲೂಗಡ್ಡೆ ಹಾಕಬೇಕು, ಏನಾದರೂ ಮಾಡಬೇಕು, ಇನ್ನರ್ಧ ಗಂಟೆಯೂ ಇಲ್ಲ ಎಂದು ಬಡಬಡಿಸಿದರು. ನಾನು ಅವರ ಅಂಗಿಯ ತುದಿ ಹಿಡಿದು ಎಳೆದೆ.

"ಕೂತ್ಕೊಳ್ಳಿ. ಮಾತ್ರೆ ಒಳಗೆ ಹೋಗಿ ಅರ್ಧ ಗಂಟೆ ಆಯ್ತು. ಇಷ್ಟು ವರ್ಷ ಉಂಡವರು ಇವತ್ತೊಂದು ದಿನ ಉಣ್ತಾರೆ."

ಒಲೆಯ ಕಡೆ ನೋಡಿದರು, ತಟ್ಟೆ ನೋಡಿದರು, ನನ್ನನ್ನು ನೋಡಿದರು. ಆಮೇಲೆ ಕೂತು, ಒಂದು ಗುಟುಕು ನೀರು ಕುಡಿದು, ಉಳಿದ ಅನ್ನವನ್ನು ಕಲಸತೊಡಗಿದರು. ಹೊರಗೆ ಆಗಲೇ ಜನ ಸೇರತೊಡಗಿದ್ದರು. ಯಾರೋ ನನ್ನ ಕಿಂಡಿಯ ಗಾಜು ತಟ್ಟಿದರು. ಐದು ನಿಮಿಷ ತಡವಾಗುತ್ತದೆ ಎಂದು ನಾನು ಕೂತಲ್ಲಿಂದಲೇ ಕೂಗಿ ಹೇಳಿದೆ.